ಮಹಾಪಧಮನಿಯ ಉಬ್ಬು: ಒಂದು ಚಿಕಿತ್ಸೆ ಬೆಳೆದು ಬಂದ ದಾರಿ

(ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಗುರುಗಳು ಫೋನ್ ಮಾಡಿದಾಗ, "ಕಂಪ್ಯೂಟರ್ ಬಗ್ಗೆ ಏನಾದರೂ ಬರಿ, ಮಕ್ಕಳಿಗೆ ಉಪಯೋಗವಾಗಲಿ" ಎಂದರು. ಹೂಂ ಎಂದೆ. ಆದರೆ ಬರೆಯಲು ಕೂತಾಗ ತಲೆಯಲ್ಲಿದ್ದದ್ದು ಬೇರೆಯೇ. ಕಳೆದ ಮೂರು ವರ್ಷಗಳಿಂದ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದಾಗಿ ನಾನು ಒಂದು ಕಾಯಿಲೆಯ ಚರಿತ್ರೆಯನ್ನು ಓದುತ್ತಾ ಹೋದೆ. ಅದನ್ನೇ ಬರೆಯುತ್ತೇನೆ ಎಂದು ಗುರುಗಳಿಗೆ ಮತ್ತೆ ಫೋನ್ ಮಾಡಿ ಒಪ್ಪಿಸಿದೆ. ನಾನು ವೈದ್ಯನಲ್ಲ. ತಿಳಿದವರು ತಪ್ಪಿದ್ದರೆ ತಿದ್ದಬೇಕು.

ನಮ್ಮ ತಂದೆ ಈ ಊರಿನ ದರ್ಜಿ. ಈ ಶಾಲೆಯ ಎಷ್ಟೋ ತಂಡಗಳ ಹುಡುಗರ ಬಿಳಿ ಅಂಗಿ, ಖಾಕಿ ಚಡ್ಡಿಗಳು ಅವರ ಹೊಲಿಗೆ ಯಂತ್ರದಲ್ಲೇ ತಯಾರಾದವು. ಬಾಯಲ್ಲಿ ಬೀಡಿ, ಕಾಲು ಪೆಡಲ್ ಮೇಲೆ, ಇದು ಹಳಬರಿಗೆಲ್ಲ ನೆನಪಿರುವ ಚಿತ್ರ. ಮೂರು ವರ್ಷದ ಹಿಂದೆ ಅವರಿಗೆ ಮೂತ್ರ ಕಟ್ಟಿದ ಹಾಗಾಗಿ ಪಟ್ಟಣದಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದೆವು. ಪ್ರಾಸ್ಟೇಟ್ ಗ್ರಂಥಿ ಸ್ವಲ್ಪ ದಪ್ಪವಾಗಿದೆ, ಗಾಬರಿಯಿಲ್ಲ ಎಂದ ಸ್ಕ್ಯಾನಿಂಗ್ ವೈದ್ಯರು, ರಿಪೋರ್ಟಿನ ಕೊನೆಯಲ್ಲಿ ಇನ್ನೊಂದು ಸಾಲು ಬರೆದಿದ್ದರು: ಹೊಟ್ಟೆಯ ಮಹಾಪಧಮನಿಯಲ್ಲಿ 4.8 ಸೆಂಟಿಮೀಟರ್ ಅಗಲದ ಅನ್ಯೂರಿಸಮ್. ಆ ಪದವನ್ನು ನಾನು ಅಂದೇ ಮೊದಲು ಕೇಳಿದ್ದು.

ಎಂಟನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಕರಿಹಲಗೆಯ ಮೇಲೆ ಕೆಂಪು, ನೀಲಿ ಸೀಮೆಸುಣ್ಣದಲ್ಲಿ ಹೃದಯ ಬರೆದದ್ದು ಅನೇಕರಿಗೆ ನೆನಪಿರಬಹುದು. ಹೃದಯದ ಎಡಭಾಗದಿಂದ ಮೇಲಕ್ಕೆದ್ದು, ಕೊಡೆಯ ಹಿಡಿಯಂತೆ ಬಾಗಿ, ಎದೆಯ ಹಿಂಭಾಗದಲ್ಲಿ ಬೆನ್ನುಮೂಳೆಗೆ ಅಂಟಿಕೊಂಡು ಕೆಳಗಿಳಿಯುವ ದಪ್ಪ ಕೆಂಪು ಕೊಳವೆಯೇ ಮಹಾಪಧಮನಿ. ಅದು ವಪೆಯನ್ನು ದಾಟಿ ಹೊಟ್ಟೆಗೆ ಬರುತ್ತದೆ. ಅಲ್ಲಿ ಕರುಳಿಗೆ, ಮೂತ್ರಪಿಂಡಗಳಿಗೆ ಕವಲು ಕೊಟ್ಟು, ಸುಮಾರು ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಸೀಳಿ ಎರಡು ಕಾಲುಗಳಿಗೆ ಹೋಗುತ್ತದೆ. ನಾಲೆಯಿಂದ ತೂಬು, ತೂಬಿನಿಂದ ಗದ್ದೆ ಎನ್ನುವಂತೆ ಇಡೀ ದೇಹದ ನೀರಾವರಿಗೆ ಇದೇ ಮೂಲ ಕಾಲುವೆ. ಹೊಟ್ಟೆಯಲ್ಲಿ ಇದರ ಅಗಲ ಸಾಮಾನ್ಯವಾಗಿ 2 ಸೆಂಟಿಮೀಟರ್ ಆಸುಪಾಸು. ಗೋಡೆ ಬಲ ಕಳೆದುಕೊಂಡು ಅಗಲ 3 ಸೆಂಟಿಮೀಟರ್ ಮುಟ್ಟಿದರೆ ಅದನ್ನು ಅನ್ಯೂರಿಸಮ್ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಅಗಲವಾಗುವುದು ಎಂಬರ್ಥದ ಪದದಿಂದ ಬಂದ ಹೆಸರು. ನಾನಿಲ್ಲಿ ಉಬ್ಬು ಎಂದೇ ಬರೆಯುತ್ತೇನೆ.

ಈ ಉಬ್ಬಿನ ಸ್ವಭಾವ ಅರ್ಥವಾಗಬೇಕಾದರೆ ಸೈಕಲ್ ಶಾಪಿಗೆ ಹೋಗಬೇಕು. ಟೈರು ಸವೆದು ಒಂದು ಕಡೆ ಸೀಳು ಬಿಟ್ಟರೆ ಒಳಗಿನ ಟ್ಯೂಬು ಅಲ್ಲಿಂದ ಬುಗ್ಗೆಯ ಹಾಗೆ ಹೊರಗೆ ಇಣುಕುತ್ತದಲ್ಲ, ಅದೇ ಇದು. ಟ್ಯೂಬಿನೊಳಗಿನ ಗಾಳಿಯ ಒತ್ತಡ ಎಲ್ಲ ಕಡೆಯೂ ಒಂದೇ. ಆದರೆ ಬುಗ್ಗೆಯ ಗೋಡೆಯ ಮೇಲೆ ಬೀಳುವ ಎಳೆತ ಮಾತ್ರ ಹೆಚ್ಚು. ಏಕೆಂದರೆ ಗೋಡೆಯ ಎಳೆತ ಎನ್ನುವುದು ಒತ್ತಡ ಮತ್ತು ತ್ರಿಜ್ಯಗಳ ಗುಣಲಬ್ಧವನ್ನು ಅನುಸರಿಸುತ್ತದೆ. ಫ್ರಾನ್ಸಿನ ಲಾಪ್ಲಾಸ್ ಹೆಸರಿನ ಈ ನಿಯಮವನ್ನು ನಾನು ಇಂಜಿನಿಯರಿಂಗಿನಲ್ಲಿ ಬಾಯ್ಲರುಗಳ ಲೆಕ್ಕಕ್ಕೆ ಓದಿದ್ದೆ, ಪರೀಕ್ಷೆ ಬರೆದು ಮರೆತಿದ್ದೆ. ಅಪ್ಪನ ಹೊಟ್ಟೆಯ ಮೂಲಕ ಅದು ಮತ್ತೆ ಎದುರಾಯಿತು. ಉಬ್ಬಿದಷ್ಟೂ ಎಳೆತ ಹೆಚ್ಚು, ಎಳೆತ ಹೆಚ್ಚಿದಷ್ಟೂ ಇನ್ನಷ್ಟು ಉಬ್ಬು. ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ, ಏನೂ ಇಲ್ಲ. ಒಂದು ದಿನ ಒಡೆಯುತ್ತದೆ. ಒಡೆದವರಲ್ಲಿ ಹೆಚ್ಚಿನವರು ಉಳಿಯುವುದಿಲ್ಲ. ಅನೇಕರು ಆಸ್ಪತ್ರೆಯ ಬಾಗಿಲನ್ನೂ ಮುಟ್ಟುವುದಿಲ್ಲ. ಫ್ರಾನ್ಸಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಡಿ ಗಾಲ್ 1970ರ ನವೆಂಬರ್ 9ರ ಸಂಜೆ ತಮ್ಮ ಹಳ್ಳಿಮನೆಯಲ್ಲಿ ಒಬ್ಬರೇ ಇಸ್ಪೀಟು ಹರಡಿಕೊಂಡು ಕೂತಿದ್ದಾಗ ಕುಸಿದು ತೀರಿಕೊಂಡದ್ದು ಇದರಿಂದಲೇ.

ಹಳೆಯ ಕಾಲದವರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಕೈಕಾಲುಗಳಲ್ಲಿ ಕಣ್ಣಿಗೆ ಕಾಣುವಂತೆ ಮಿಡಿಯುವ ಗಂಟುಗಳನ್ನು ಅವರು ನೋಡಿದ್ದರು. ಸುಶ್ರುತ ಸಂಹಿತೆಯಲ್ಲಿ ಸಿರಾಜ ಗ್ರಂಥಿ ಎಂಬುದರ ವರ್ಣನೆ ಇದೆ: ದುರ್ಬಲ ಮನುಷ್ಯ ಮಿತಿಮೀರಿ ಶ್ರಮಪಟ್ಟಾಗ ನಾಳಗಳಲ್ಲಿ ಬೇಗ ಏಳುವ ದುಂಡನೆಯ ಗಂಟು, ಅದು ಮರ್ಮಸ್ಥಾನದಲ್ಲಿದ್ದರೆ ಕೈ ಹಾಕಬಾರದು ಎಂದು. ಇದೇ ಅನ್ಯೂರಿಸಮ್ ಎಂದು ಕೆಲವರು ಬರೆಯುತ್ತಾರೆ. ನಾನು ಅಷ್ಟು ಖಚಿತವಾಗಿ ಹೇಳಲಾರೆ. ಉಬ್ಬಿದ ಅಭಿಧಮನಿಯೂ ಇರಬಹುದು. ಗ್ರೀಕ್ ಶಸ್ತ್ರವೈದ್ಯ ಆಂಟಿಲಸ್ ಎಂಬಾತ, ಕ್ರಿ.ಶ. ಎರಡನೆಯ ಶತಮಾನದವನೆಂದು ಹೇಳುತ್ತಾರೆ, ಇಂಥ ಗಂಟಿನ ಮೇಲೂ ಕೆಳಗೂ ದಾರ ಕಟ್ಟಿ, ನಡುವಿನ ಚೀಲವನ್ನು ಸೀಳಿ ಹೆಪ್ಪುಗಟ್ಟಿದ ರಕ್ತವನ್ನು ತೆಗೆಯುವ ವಿಧಾನ ಹೇಳಿದ. ಅವನ ಮೂಲ ಬರಹ ಉಳಿದಿಲ್ಲ, ನಂತರದವರು ಎತ್ತಿ ಬರೆದುಕೊಂಡದ್ದರಿಂದ ನಮಗೆ ತಿಳಿದಿದೆ. ಕಂಕುಳು, ತೊಡೆಸಂದು, ಕುತ್ತಿಗೆಯ ಉಬ್ಬುಗಳನ್ನು ಮುಟ್ಟಬೇಡಿ, ಅಲ್ಲಿನ ನಾಳಗಳು ಬಹಳ ದೊಡ್ಡವು ಎಂದು ಅವನೂ ಎಚ್ಚರಿಸಿದ್ದ. ಹೊಟ್ಟೆಯೊಳಗಿನದಂತೂ ಯಾರ ಯೋಚನೆಗೂ ನಿಲುಕದ್ದು.

ದೇಹದ ಆಳದಲ್ಲಿರುವ ಮಹಾಪಧಮನಿಯ ಉಬ್ಬನ್ನು ಬದುಕಿರುವ ಮನುಷ್ಯನಲ್ಲಿ ಗುರುತಿಸಿದ ಕೀರ್ತಿ ಸಾಮಾನ್ಯವಾಗಿ ಸಲ್ಲುವುದು ಅಂಗರಚನಾಶಾಸ್ತ್ರದ ಪಿತಾಮಹ ವೆಸೇಲಿಯಸ್‌ಗೆ. 1555ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ, ಕುದುರೆಯಿಂದ ಬಿದ್ದು ಬೆನ್ನುನೋವು ಬಂದಿದ್ದ ರೋಗಿಯೊಬ್ಬನ ಬೆನ್ನಿನಲ್ಲಿ ಮಿಡಿಯುವ ಗಂಟು ಕಂಡು ಇದು ಮಹಾಪಧಮನಿಯದೇ ಎಂದು ಅವನು ಹೇಳಿದ. ಎರಡು ವರ್ಷದ ನಂತರ ಆ ರೋಗಿ ಸತ್ತಾಗ ಶವಪರೀಕ್ಷೆಯಲ್ಲಿ ಅದು ಸರಿಯೆಂದು ತಿಳಿಯಿತು. ಹೇಳುವುದಷ್ಟೇ ಸಾಧ್ಯವಿತ್ತು, ಮಾಡುವುದೇನೂ ಇರಲಿಲ್ಲ. ಮುಂದಿನ ಇನ್ನೂರು ವರ್ಷ ಹೆಚ್ಚುಕಡಿಮೆ ಹಾಗೇ ಕಳೆಯಿತು.

ಬಾಗಿಲು ಸ್ವಲ್ಪ ತೆರೆದದ್ದು 1785ರಲ್ಲಿ, ಲಂಡನ್ನಿನಲ್ಲಿ. ಆಗಿನ ಕುದುರೆಗಾಡಿಯ ಸಾರಥಿಗಳಿಗೆ ಮೊಣಕಾಲಿನ ಹಿಂದೆ ಇಂಥ ಉಬ್ಬು ಬರುವುದು ಸಾಮಾನ್ಯವಾಗಿತ್ತು; ಕಾಲು ಕತ್ತರಿಸುವುದೇ ಮದ್ದು. ಜಾನ್ ಹಂಟರ್ ಎಂಬ ಶಸ್ತ್ರವೈದ್ಯ ಉಬ್ಬಿಗೆ ಕೈ ಹಾಕದೆ, ಅದಕ್ಕಿಂತ ಮೇಲೆ ತೊಡೆಯಲ್ಲಿ ಅಪಧಮನಿಯನ್ನು ಕಟ್ಟಿಬಿಟ್ಟ. ಕಾಲು ಕೊಳೆಯಲಿಲ್ಲ. ಸುತ್ತಲಿನ ಸಣ್ಣಪುಟ್ಟ ನಾಳಗಳು ಅಗಲಗೊಂಡು ರಕ್ತವನ್ನು ಬಳಸುದಾರಿಯಲ್ಲಿ ಸಾಗಿಸಿದವು. ಆ ಸಾರಥಿ ಎದ್ದು ನಡೆದುಕೊಂಡು ಮನೆಗೆ ಹೋದ. ಹಂಟರನ ಶಿಷ್ಯ ಆಸ್ಟ್ಲಿ ಕೂಪರ್ ಇನ್ನೂ ಮುಂದಕ್ಕೆ ಹೋದ. 1817ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಗೆ ಬಂದ ಹಮಾಲಿಯೊಬ್ಬನ ತೊಡೆಸಂದಿನ ಉಬ್ಬು ಒಡೆದು ರಕ್ತ ಹರಿಯುತ್ತಿತ್ತು. ಬೇರೆ ದಾರಿ ಕಾಣದೆ ಕೂಪರ್ ಅವನ ಹೊಟ್ಟೆ ತೆರೆದು, ಕರುಳನ್ನು ಬದಿಗೆ ಸರಿಸಿ, ಒಳಪದರವನ್ನು ಬೆರಳಿನ ಉಗುರಿನಿಂದ ಗೀರಿ ದಾರಿ ಮಾಡಿಕೊಂಡು, ಮಹಾಪಧಮನಿಗೇ ದಾರ ಸುತ್ತಿ ಕಟ್ಟಿದ. ಅರಿವಳಿಕೆ ಎಂಬುದೇ ಇಲ್ಲದ ಕಾಲ ಅದು. ಆ ಹಮಾಲಿ 40 ಗಂಟೆ ಬದುಕಿದ. ಈ ವಿವರ ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕೂಪರನ ಧೈರ್ಯವನ್ನು ಎಲ್ಲ ಪುಸ್ತಕಗಳೂ ಹೊಗಳುತ್ತವೆ. ಮಲಗಿದ್ದವನ ಧೈರ್ಯವೂ ಕಡಿಮೆಯದಲ್ಲ ಎಂದು ನನಗನ್ನಿಸಿತು.

ನಡುವೆ ವಿಚಿತ್ರ ಪ್ರಯೋಗಗಳೂ ನಡೆದವು. 1864ರಲ್ಲಿ ಲಂಡನ್ನಿನ ಮೂರ್ ಎಂಬ ವೈದ್ಯ ಎದೆಯ ಉಬ್ಬೊಂದಕ್ಕೆ 26 ಗಜ ಉದ್ದದ ಕಬ್ಬಿಣದ ತಂತಿಯನ್ನು ಸುರುಳಿ ಸುರುಳಿಯಾಗಿ ತೂರಿಸಿದ, ತಂತಿಯ ಸುತ್ತ ರಕ್ತ ಹೆಪ್ಪುಗಟ್ಟಿ ಗೋಡೆ ಗಟ್ಟಿಯಾಗಲಿ ಎಂದು. ರೋಗಿ ಕೆಲವೇ ದಿನಗಳಲ್ಲಿ ತೀರಿಕೊಂಡ. ಮುಂದೆ ಆ ತಂತಿಗೆ ವಿದ್ಯುತ್ ಹರಿಸಿದವರೂ ಇದ್ದರು. ಮಹಾಪಧಮನಿಯ ಉಬ್ಬಿಗಾಗಿ ಅದನ್ನೇ ಕಟ್ಟಿ ರೋಗಿಯನ್ನು ಉಳಿಸಿಕೊಂಡದ್ದು ಕೂಪರನ ನೂರಾರು ವರ್ಷದ ನಂತರ, 1923ರಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸ್‌ನ ರುಡಾಲ್ಫ್ ಮಟಾಸ್. ಆ ರೋಗಿ ಒಂದೂವರೆ ವರ್ಷದ ಹತ್ತಿರ ಬದುಕಿದ್ದು, ಕೊನೆಗೆ ಕ್ಷಯದಿಂದ ಸತ್ತ.

ಆದರೆ ಕಾಲುವೆಯನ್ನು ಮುಚ್ಚುವುದು ದುರಸ್ತಿಯಲ್ಲ. ನೀರು ಹರಿಯಬೇಕು, ಒಡೆದ ಕಡೆ ಹೊಸದಾಗಿ ಕಟ್ಟಬೇಕು. ಅದಕ್ಕೆ ಮೊದಲು ಬೇಕಾದದ್ದು ರಕ್ತನಾಳವನ್ನು ಸೋರದಂತೆ ಹೊಲಿಯುವ ವಿದ್ಯೆ. ಇಲ್ಲಿಂದ ಈ ಚರಿತ್ರೆ ನಮ್ಮಪ್ಪನ ಕಸುಬಿನ ಹತ್ತಿರಕ್ಕೆ ಬರುತ್ತದೆ. 1894ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಅಧ್ಯಕ್ಷ ಸಾದಿ ಕಾರ್ನೋ ಅವರಿಗೆ ಹಂತಕನೊಬ್ಬ ಚಾಕು ಹಾಕಿದ. ಹೊಟ್ಟೆಯ ದೊಡ್ಡ ನಾಳವೊಂದು ತುಂಡಾಗಿತ್ತು, ಹೊಲಿಯಲು ಯಾರಿಗೂ ಬರಲಿಲ್ಲ, ಅವರು ತೀರಿಕೊಂಡರು. ಅದೇ ಊರಿನಲ್ಲಿ ವೈದ್ಯಕೀಯ ಓದುತ್ತಿದ್ದ ಅಲೆಕ್ಸಿಸ್ ಕ್ಯಾರೆಲ್‌ಗೆ ಇದು ತಲೆಗೆ ಹತ್ತಿತು. ಲಿಯಾನ್ ಎಂದರೆ ರೇಷ್ಮೆಯ ಊರು, ನಮ್ಮ ರಾಮನಗರದ ಹಾಗೆ. ಕ್ಯಾರೆಲ್ ಅಲ್ಲಿನ ಒಬ್ಬ ಕಸೂತಿ ಹೆಂಗಸಿನ ಬಳಿ ಹೋಗಿ ಸಣ್ಣ ಸೂಜಿ, ನವಿರಾದ ರೇಷ್ಮೆ ದಾರ ಹಿಡಿಯುವುದನ್ನು ಕಲಿತ. ತುಂಡಾದ ನಾಳದ ಬಾಯಿಗೆ ಮೂರು ಕಡೆ ಹೊಲಿಗೆ ಹಾಕಿ ಎಳೆದು ಹಿಡಿದರೆ ದುಂಡನೆಯ ಬಾಯಿ ತ್ರಿಕೋನವಾಗುತ್ತದೆ, ನೇರವಾದ ಮೂರು ಅಂಚುಗಳನ್ನು ಹೊಲಿಯುವುದು ಸುಲಭ, ಎಂಬ ಅವನ ವಿಧಾನ 1902ರಲ್ಲಿ ಪ್ರಕಟವಾಯಿತು. 1912ರಲ್ಲಿ ನೊಬೆಲ್ ಬಂತು. ಇದನ್ನು ಅಪ್ಪನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ತೋಳು ಕೂರ್ಸಕ್ಕೂ ಮೊದ್ಲು ಮೂರ್ ಕಡೆ ಕಚ್ಚಾ ಹೊಲಿಗೆ ಹಾಕ್ಕೊಬೇಕು, ಇಲ್ದಿದ್ರೆ ಜಾರ್ತದೆ" ಎಂದರು.

ಈ ಚರಿತ್ರೆಯ ಎಲ್ಲರಿಗಿಂತ ಪ್ರಸಿದ್ಧ ರೋಗಿ ಆಲ್ಬರ್ಟ್ ಐನ್‌ಸ್ಟೈನ್. ನಮ್ಮ ಶಾಲೆಯ ಪ್ರಯೋಗಾಲಯದ ಗೋಡೆಯ ಮೇಲೆ ಅವರ ಪಟ ಇತ್ತು, ಈಗಲೂ ಇರಬಹುದು. ವರ್ಷಗಳ ಕಾಲ ಮತ್ತೆ ಮತ್ತೆ ಹೊಟ್ಟೆನೋವಿನಿಂದ ನರಳಿದ ಅವರನ್ನು 1948ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶಸ್ತ್ರಚಿಕಿತ್ಸೆಗೆ ಒಳಪಡಿಸಿದರು. ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಕೂಡ ಐನ್‌ಸ್ಟೈನರಂತೆಯೇ ಹಿಟ್ಲರನ ಜರ್ಮನಿಯನ್ನು ಬಿಟ್ಟು ಬಂದವರು. ಹೊಟ್ಟೆ ತೆರೆದಾಗ ಒಳಗೆ ದೊಡ್ಡ ಹಣ್ಣಿನ ಗಾತ್ರದ ಉಬ್ಬು, ಆದರೆ ಒಡೆದಿರಲಿಲ್ಲ. ಅದನ್ನು ತೆಗೆದು ಬೇರೆ ಹಾಕುವ ವಿಧಾನ ಆಗಿನ್ನೂ ಬಂದಿರಲಿಲ್ಲ. ನಿಸ್ಸೆನ್ ಮಾಡಿದ್ದು ಇಷ್ಟು: ಉಬ್ಬಿನ ಮುಂಭಾಗಕ್ಕೆ ಸೆಲೋಫೇನ್ ಹಾಳೆಯನ್ನು ಸುತ್ತಿದರು. ಹೌದು, ಊದುಬತ್ತಿ ಪೊಟ್ಟಣದ ಮೇಲೆ ಸರಸರ ಎನ್ನುವ ಹಾಳೆಯ ಜಾತಿಯದೇ. ದೇಹಕ್ಕೆ ಅದು ಪರಕೀಯ ವಸ್ತು. ಅದರ ಸುತ್ತ ಗಾಯ ಮಾಗಿದಂತೆ ಗಟ್ಟಿ ನಾರು ಬೆಳೆದು ಗೋಡೆಗೆ ಆಸರೆಯಾಗುತ್ತದೆ ಎಂಬ ಲೆಕ್ಕ. ಐನ್‌ಸ್ಟೈನ್ ಆ ಹಾಳೆಯ ಆಸರೆಯಲ್ಲಿ ಆರು ವರ್ಷಕ್ಕೂ ಹೆಚ್ಚು ಬದುಕಿದರು.

1955ರ ಏಪ್ರಿಲಿನಲ್ಲಿ ಉಬ್ಬು ಸೋರತೊಡಗಿತು. ಅಷ್ಟರಲ್ಲಿ ಹೊಸ ಶಸ್ತ್ರಚಿಕಿತ್ಸೆ ಬಂದಾಗಿತ್ತು, ನ್ಯೂಯಾರ್ಕಿನಿಂದ ಹಿರಿಯ ಶಸ್ತ್ರವೈದ್ಯರೊಬ್ಬರು ಬಂದು ನೋಡಿಯೂ ಇದ್ದರು. ಐನ್‌ಸ್ಟೈನ್ ಒಪ್ಪಲಿಲ್ಲ. ತನ್ನ ಪಾಲಿನದು ಮುಗಿಯಿತು, ಬಲವಂತವಾಗಿ ಆಯುಸ್ಸು ಎಳೆಯುವುದು ರುಚಿಸದು ಎಂಬ ಅರ್ಥದ ಮಾತು ಹೇಳಿದರು. ಏಪ್ರಿಲ್ 18ರ ನಸುಕಿನಲ್ಲಿ ಪ್ರಿನ್ಸ್‌ಟನ್ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 76. ಕೊನೆಯಲ್ಲಿ ಜರ್ಮನ್ ಭಾಷೆಯಲ್ಲಿ ಏನೋ ಹೇಳಿದರಂತೆ, ಹತ್ತಿರವಿದ್ದ ನರ್ಸಿಗೆ ಆ ಭಾಷೆ ಬರುತ್ತಿರಲಿಲ್ಲ.

ಆ ಹೊಸ ಶಸ್ತ್ರಚಿಕಿತ್ಸೆಯ ಕಥೆ ಪ್ಯಾರಿಸ್ಸಿನದು. 1951ರ ಮಾರ್ಚ್ 29ರಂದು ಚಾರ್ಲ್ಸ್ ದುಬೋಸ್ಟ್, 50 ವರ್ಷದ ಒಬ್ಬನ ಹೊಟ್ಟೆಯ ಉಬ್ಬನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಮೂರು ವಾರದ ಹಿಂದೆ ಸತ್ತಿದ್ದ 20 ವರ್ಷದ ಹುಡುಗಿಯೊಬ್ಬಳ ಮಹಾಪಧಮನಿಯ ತುಂಡನ್ನು ಹೊಲಿದರು. ರೋಗಿ ಬದುಕಿದ. ಸುದ್ದಿ ಜಗತ್ತಿಗೆಲ್ಲ ಹರಡಿತು. ಆದರೆ ಸತ್ತವರ ನಾಳ ಬೇಕಾದಾಗ, ಬೇಕಾದ ಅಳತೆಯಲ್ಲಿ ಸಿಗುವ ವಸ್ತುವಲ್ಲ. ಕೆಲವು ವರ್ಷಗಳಲ್ಲಿ ಅವೂ ಸುಣ್ಣಗಟ್ಟಿ ಹಾಳಾಗುತ್ತಿದ್ದವು.

ಉತ್ತರ ಬಂದದ್ದು ಒಂದು ತಪ್ಪು ಹೊಲಿಗೆಯಿಂದ. 1947ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆರ್ಥರ್ ವೂರ್ಹೀಸ್ ಎಂಬ ಯುವ ವೈದ್ಯ ನಾಯಿಯ ಹೃದಯದ ಮೇಲೆ ಪ್ರಯೋಗ ಮಾಡುವಾಗ ರೇಷ್ಮೆ ದಾರವೊಂದು ಜಾಗ ತಪ್ಪಿ ಹೃದಯದ ಕೋಣೆಯ ನಡುವೆ ಅಡ್ಡಲಾಗಿ ಉಳಿದುಬಿಟ್ಟಿತ್ತು. ತಿಂಗಳುಗಳ ನಂತರ ತೆರೆದು ನೋಡಿದರೆ ಆ ದಾರದ ಮೇಲೆ ಹೃದಯದ ಒಳಗೋಡೆಯಂತೆಯೇ ಹೊಳೆಯುವ ತೆಳುಪೊರೆ ಬೆಳೆದಿತ್ತು. ದಾರಕ್ಕೆ ಪೊರೆ ಬಂದರೆ ಬಟ್ಟೆಗೂ ಬಂದೀತು, ಬಟ್ಟೆಯ ಕೊಳವೆ ಹೊಲಿದರೆ ಹೇಗೆ? ರೇಷ್ಮೆ ಕರವಸ್ತ್ರದಿಂದ ಶುರುಮಾಡಿದ. ನಂತರ ಪ್ಯಾರಾಚೂಟಿಗೆ ಬಳಸುವ ವಿನ್ಯಾನ್-ಎನ್ ಎಂಬ ಕೃತಕ ಬಟ್ಟೆಯನ್ನು ಹೊಲಿಗೆ ಯಂತ್ರದಲ್ಲಿ ಕೊಳವೆಯಾಗಿ ಹೊಲಿದು ನಾಯಿಗಳಿಗೆ ಹಾಕಿದ. 1952ರಲ್ಲಿ ಅದು ಪ್ರಕಟವಾಯಿತು. 1953ರಲ್ಲಿ ಮನುಷ್ಯರಿಗೂ ಹಾಕಿದರು, ಮರುವರ್ಷ 18 ರೋಗಿಗಳ ವರದಿ ಬಂತು. ನಮ್ಮ ಕಸುಬಿನಲ್ಲಿ ತಪ್ಪಾದರೆ ಅಳಿಸಿ ಮತ್ತೆ ಬರೆಯುತ್ತೇವೆ, ಯಾಕೆ ತಪ್ಪಾಯಿತು ಎಂದು ಅಷ್ಟು ಹೊತ್ತು ನೋಡುತ್ತಾ ಕೂರುವವರು ಕಡಿಮೆ.

ಅದೇ ಹೊತ್ತಿಗೆ ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ ಮೈಕೇಲ್ ಡಿಬೇಕಿ ಇದ್ದರು. ಲೆಬನಾನಿನಿಂದ ವಲಸೆ ಬಂದ ಕುಟುಂಬದ ಮಗ, ಚಿಕ್ಕಂದಿನಲ್ಲಿ ತಾಯಿಯಿಂದ ಹೊಲಿಗೆ ಕಲಿತವರು. ನೈಲಾನ್ ಬಟ್ಟೆ ಕೇಳಿಕೊಂಡು ಊರಿನ ದೊಡ್ಡ ಅಂಗಡಿಗೆ ಹೋದರೆ ನೈಲಾನ್ ಮುಗಿದಿತ್ತು. ಹೊಸದಾಗಿ ಡೇಕ್ರಾನ್ ಅಂತ ಬಂದಿದೆ ನೋಡಿ ಎಂದರು ಅಂಗಡಿಯವರು. ಒಂದಿಷ್ಟು ಕೊಂಡು ತಂದು, ಹೆಂಡತಿಯ ಹೊಲಿಗೆ ಯಂತ್ರದಲ್ಲಿ ತಾವೇ ಕೊಳವೆ ಹೊಲಿದರು. ಬೇರೆ ಕೆಲವು ಬಟ್ಟೆಗಳು ದೇಹದೊಳಗೆ ವರ್ಷಗಳಲ್ಲಿ ಬಲ ಕಳೆದುಕೊಂಡವು, ಇದು ಉಳಿಯಿತು. ಆಮೇಲೆ ಜವಳಿ ತಂತ್ರಜ್ಞರೊಬ್ಬರ ನೆರವಿನಿಂದ ಹೊಲಿಗೆಯೇ ಇಲ್ಲದ ಹೆಣೆದ ಕೊಳವೆಗಳು, ಕಾಲು ಕವಲಾಗುವ ಜಾಗಕ್ಕೆ ಚಡ್ಡಿಯ ಆಕಾರದ ಎರಡು ಕವಲಿನ ಕೊಳವೆಗಳು ಬಂದವು. ಡೇಕ್ರಾನ್ ಎಂದರೆ ಬೇರೇನಲ್ಲ, ಪಾಲಿಯೆಸ್ಟರ್. ಹತ್ತಿಯ ಜತೆ ನೂತರೆ ಟೆರಿಕಾಟ್. ಈ ಸಂಚಿಕೆ ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಅದನ್ನು ತೊಟ್ಟೇ ಎಸ್ಸೆಸ್ಸೆಲ್ಸಿ ಬರೆದದ್ದು.

ಮುಂದಿನ ನಲವತ್ತು ವರ್ಷ ಈ ತೆರೆದ ಶಸ್ತ್ರಚಿಕಿತ್ಸೆಯೇ ದಾರಿ. ಎದೆಯ ಕೆಳಗಿನಿಂದ ಹೊಕ್ಕುಳ ಕೆಳಗಿನವರೆಗೆ ಹೊಟ್ಟೆ ತೆರೆದು, ಮಹಾಪಧಮನಿಗೆ ಸ್ವಲ್ಪ ಹೊತ್ತು ಕ್ಲಿಪ್ ಹಾಕಿ, ಉಬ್ಬಿನೊಳಗೆ ಕೊಳವೆ ಹೊಲಿದು, ಹಳೆಯ ಚೀಲವನ್ನೇ ಅದರ ಮೇಲೆ ಮುಚ್ಚುವುದು. ಒಮ್ಮೆ ಗೆದ್ದರೆ ಬಾಳಿಕೆ ಚೆನ್ನ. ಆದರೆ ಮುದುಕರು, ಹೃದಯ ಅಥವಾ ಶ್ವಾಸಕೋಶ ಹಾಳಾದವರು ಅದನ್ನು ತಡೆದುಕೊಳ್ಳುವುದು ಕಷ್ಟ. ಈ ಕಾಯಿಲೆ ಬರುವುದೇ ಹೆಚ್ಚಾಗಿ ಅಂಥವರಿಗೆ.

ಅರ್ಜೆಂಟೀನಾದ ಹುವಾನ್ ಪಾರೋಡಿಗೆ, 1976ರಲ್ಲಿ ಅಮೆರಿಕದಲ್ಲಿ ತರಬೇತಿ ಪಡೆಯುತ್ತಿದ್ದಾಗಲೇ, ಹೊಟ್ಟೆ ತೆರೆಯದೆ ತೊಡೆಯ ನಾಳದಿಂದ ಕೊಳವೆಯನ್ನು ಮಡಚಿ ತೂರಿಸಿ ಒಳಗೆ ಅರಳಿಸಬಹುದಲ್ಲವೇ ಎನ್ನಿಸಿತ್ತು. ಹದಿನಾಲ್ಕು ವರ್ಷ ನಾಯಿಗಳ ಮೇಲೆ, ಬಟ್ಟೆಯ ಮೇಲೆ, ಲೋಹದ ಮೇಲೆ ಪ್ರಯತ್ನಗಳು ನಡೆದವು. ಹೂಲಿಯೋ ಪಾಲ್ಮಾಜ್ ಎಂಬ ಅವರ ದೇಶದವರೇ ಕಂಡುಹಿಡಿದ, ಬಲೂನಿನಿಂದ ಅರಳುವ ಲೋಹದ ಜಾಲರಿ ಕೈಗೆ ಸಿಕ್ಕ ಮೇಲೆ ಕೆಲಸ ಕೂಡಿಬಂತು. 1990ರ ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್‌ನಲ್ಲಿ, ಶ್ವಾಸಕೋಶ ತೀರಾ ಕೆಟ್ಟಿದ್ದ ಎಪ್ಪತ್ತರ ಮುದುಕರೊಬ್ಬರಿಗೆ ಹೀಗೆ ಕೊಳವೆ ಇಟ್ಟರು. ಇಲ್ಲಿ ಒಂದು ಮಾತು ಹೇಳಲೇಬೇಕು. ಇದಕ್ಕೂ ಮೂರು ವರ್ಷ ಮೊದಲು, 1987ರಲ್ಲಿ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಉಕ್ರೇನಿನ ಖಾರ್ಕಿವ್ ನಗರದಲ್ಲಿ ನಿಕೊಲಾಯ್ ವೊಲೊದೋಸ್ ಎಂಬ ವೈದ್ಯರು ಇಂಥದೇ ಕೊಳವೆಯನ್ನು ಎದೆಯ ಮಹಾಪಧಮನಿಗೆ ಇಟ್ಟಿದ್ದರು. ಬರೆದದ್ದು ರಷ್ಯನ್ ಭಾಷೆಯಲ್ಲಿ, ಹಾಗಾಗಿ ಪಶ್ಚಿಮದವರ ಕಣ್ಣಿಗೆ ಬೀಳಲು ಬಹಳ ಕಾಲ ಹಿಡಿಯಿತು. ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನ ಮೀಟಿಂಗುಗಳಲ್ಲಿ ಕೂರುವ ನನ್ನಂಥವರಿಗೆ ವೊಲೊದೋಸ್ ಕಷ್ಟ ಬೇಗ ಅರ್ಥವಾಗುತ್ತದೆ.

ಈಗ ನಮ್ಮ ಮನೆಗೆ ಬರುತ್ತೇನೆ. 4.8 ಎಂದು ನೋಡಿದ ಕೂಡಲೇ ನಾನು ಅಪ್ಪನನ್ನು ಬೆಂಗಳೂರಿಗೆ ಕರೆತಂದು ರಕ್ತನಾಳದ ತಜ್ಞರ ಮುಂದೆ ಕೂರಿಸಿದೆ. ಆಪರೇಷನ್ ಯಾವಾಗ ಸಾರ್ ಎಂದೆ. ಈಗ ಬೇಡ, ಕಾಯೋಣ ಎಂದರು. ನನಗೆ ಸಿಟ್ಟೇ ಬಂತು. ಆಮೇಲೆ ಓದಿದಾಗ ತಿಳಿದದ್ದು: 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ 4ರಿಂದ 5.5 ಸೆಂಟಿಮೀಟರ್ ಉಬ್ಬಿದ್ದವರಲ್ಲಿ ಅರ್ಧ ಜನಕ್ಕೆ ಆಗಲೇ ಶಸ್ತ್ರಚಿಕಿತ್ಸೆ ಮಾಡಿ, ಇನ್ನರ್ಧ ಜನರನ್ನು ಸ್ಕ್ಯಾನಿಂಗ್ ಮಾಡುತ್ತಾ ಕಾದು ನೋಡಿದರು. ಆಗಲೇ ಮಾಡಿದ್ದರಿಂದ ಹೆಚ್ಚು ಜನ ಬದುಕಲಿಲ್ಲ. ಅಮೆರಿಕದ ಅಧ್ಯಯನವೂ 2002ರಲ್ಲಿ ಅದನ್ನೇ ಹೇಳಿತು. ಗಂಡಸರಿಗೆ 5.5 ಎಂಬ ಗೆರೆ ಬಂದದ್ದು ಹಾಗೆ. ಹೆಂಗಸರಲ್ಲಿ ಇದು ಅಪರೂಪ, ಆದರೆ ಬಂದರೆ ಸಣ್ಣದಿರುವಾಗಲೇ ಒಡೆಯುವ ಭಯ ಹೆಚ್ಚು, ಆದ್ದರಿಂದ ಅವರಿಗೆ ಗೆರೆ ಇನ್ನೂ ಕೆಳಗೆ. ಬೀಡಿ ಮಾತ್ರ ಇವತ್ತೇ ಬಿಡಬೇಕು ಎಂದರು ವೈದ್ಯರು. ಹೊಗೆ ಸೇದುವುದು ಈ ಉಬ್ಬಿನ ಮುಖ್ಯ ಕಾರಣಗಳಲ್ಲೊಂದು, ಸೇದುತ್ತಾ ಹೋದರೆ ಅದು ಬೇಗ ಬೆಳೆಯುತ್ತದೆ. ಐವತ್ತು ವರ್ಷದ ಚಟವನ್ನು ಅಪ್ಪ ಹೇಗೋ ಬಿಟ್ಟರು. ಬಿಟ್ಟ ಮೊದಲ ತಿಂಗಳು ಯಂತ್ರದ ಮುಂದೆ ಕೂತರೆ ಕೈ ಓಡುತ್ತಿರಲಿಲ್ಲವಂತೆ.

ಅದೇ ದಿನ ವೈದ್ಯರು ಕೇಳಿದ ಇನ್ನೊಂದು ಪ್ರಶ್ನೆ: ಮನೆಯಲ್ಲಿ ಯಾರಿಗಾದರೂ ಈ ಥರ ಇತ್ತಾ? ಇಲ್ಲ ಎಂದೆ ನಾನು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಣ್ಣ ಹೊಟ್ಟೆನೋವಲ್ಲಿ ಹೋದ" ಎಂದರು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ದೊಡ್ಡಪ್ಪ ತೀರಿಕೊಂಡದ್ದು. ಅಂದು ಬೆಳಿಗ್ಗೆ ಆಲೆಮನೆಯಿಂದ ಬಂದವರು ಹೊಟ್ಟೆ, ಸೊಂಟ ಎರಡೂ ನೋಯುತ್ತಿದೆ ಎಂದರು. ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿಸಿದರು. ಒಬ್ಬರು ಬಂದು ಇಂಜೆಕ್ಷನ್ ಕೊಟ್ಟು ಹೋದರು. ಮಧ್ಯಾಹ್ನ ಬೆವರಿಟ್ಟು ಮೈ ತಣ್ಣಗಾದಾಗ ಕಾರು ಮಾಡಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೊರಟರು. ಅರ್ಧ ದಾರಿಯಿಂದ ವಾಪಸ್ಸು ಬಂದರು. ಶಾಲೆಗೆ ಹೇಳಿಕಳಿಸಿ ನನ್ನನ್ನು ಕರೆಸಿಕೊಂಡದ್ದು, ಮೇಷ್ಟ್ರು ಗೇಟಿನವರೆಗೆ ಬಂದು ಸೈಕಲ್ ಹತ್ತಿಸಿದ್ದು ನೆನಪಿದೆ. ಹೃದಯಾಘಾತ ಎಂದರು ಕೆಲವರು, ಮಾಟ ಎಂದರು ಕೆಲವರು. ಮರಣೋತ್ತರ ಪರೀಕ್ಷೆ ಆಗಿಲ್ಲ. ಇದೇ ಆಗಿತ್ತೇ ಎಂದು ಈಗ ಯಾರೂ ಹೇಳಲಾರರು, ವೈದ್ಯರೂ ಹೇಳಲಿಲ್ಲ. ಆದರೆ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಇದು ಬರುವ ಸಂಭವ ಬೇರೆಯವರಿಗಿಂತ ಹೆಚ್ಚು ಎಂದು ಹೇಳಿ, ನನ್ನ ಚಿಕ್ಕಪ್ಪನಿಗೂ ಸ್ಕ್ಯಾನಿಂಗ್ ಮಾಡಿಸಿ ಎಂದು ಬರೆದುಕೊಟ್ಟರು. ಚಿಕ್ಕಪ್ಪನಿಗೆ ಏನೂ ಇರಲಿಲ್ಲ.

ಎರಡು ವರ್ಷ ಆರಾರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಆಯಿತು. 4.8, 5.0, 5.2, ಮತ್ತೆ 5.2, ಕೊನೆಗೆ 5.6. ಬೀಡಿಯಿಂದ ಅಪ್ಪನ ಉಸಿರು ಅಷ್ಟಕ್ಕಷ್ಟೇ, ಹಾಗಾಗಿ ತೆರೆದ ಶಸ್ತ್ರಚಿಕಿತ್ಸೆ ಬೇಡ, ತೊಡೆಯಿಂದ ಕೊಳವೆ ಇಡೋಣ ಎಂದು ತೀರ್ಮಾನವಾಯಿತು. ಬ್ರಿಟನ್ನಿನ ಇನ್ನೊಂದು ಅಧ್ಯಯನದಲ್ಲಿ, ಮೊದಲ ಮೂವತ್ತು ದಿನಗಳಲ್ಲಿ ತೀರಿಕೊಂಡವರು ತೆರೆದ ಶಸ್ತ್ರಚಿಕಿತ್ಸೆಯಲ್ಲಿ ನೂರಕ್ಕೆ 4.7, ಕೊಳವೆ ಇಟ್ಟವರಲ್ಲಿ 1.7. ಆದರೆ ವರ್ಷಗಳು ಕಳೆದಂತೆ ಆ ಲಾಭ ಕರಗುತ್ತದೆ. ಕೊಳವೆಯ ಅಂಚಿನಲ್ಲಿ ಸೋರಿಕೆ ಬರಬಹುದು, ಜಾರಬಹುದು, ಮತ್ತೆ ಸರಿಪಡಿಸಬೇಕಾಗಬಹುದು, ಆದ್ದರಿಂದ ಜೀವನಪೂರ್ತಿ ಸ್ಕ್ಯಾನಿಂಗ್ ತಪ್ಪದು. ಖರ್ಚಿನ ಮಾತು ಇಲ್ಲಿ ಬೇಡ. ತಂಗಿ ತನ್ನ ಚಿನ್ನ ಒತ್ತೆ ಇಟ್ಟದ್ದನ್ನು ಮಾತ್ರ ನಾನು ಮರೆಯಲಾರೆ.

ಹಿಂದಿನ ದಿನ ವೈದ್ಯರು ಕೊಳವೆಯ ಮಾದರಿ ಒಂದನ್ನು ತಂದು ತೋರಿಸಿದರು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಬೆರಳ ನಡುವೆ ಬಟ್ಟೆ ಹಿಡಿದು ಉಜ್ಜಿ ನೋಡಿದರು.

"ಏನ್ ಬಟ್ಟೆ ಡಾಕ್ಟ್ರೇ ಇದು?"

"ಪಾಲಿಯೆಸ್ಟರ್ ಯಜಮಾನ್ರೇ."

"ಟೆರಿಕಾಟ್ ಜಾತಿದು ಅನ್ನಿ. ಬಾಳಿಕೆ ಬತ್ತದೆ. ಈ ಅಂಚು ಯಾರ್ ಹೊಲ್ದಿದ್ದು, ಮಿಷಿನ್ನಾ?"

ಲೋಹದ ಜಾಲರಿಗೆ ಬಟ್ಟೆಯನ್ನು ಕೈಯಲ್ಲೇ ಸಣ್ಣ ಸಣ್ಣ ಹೊಲಿಗೆ ಹಾಕಿ ಕೂರಿಸಿರುತ್ತಾರೆ ಎಂದರು ವೈದ್ಯರು. ಅಪ್ಪ ಆ ಹೊಲಿಗೆಗಳನ್ನು ಬಹಳ ಹೊತ್ತು ನೋಡಿದರು. ಸಹಿ ಹಾಕಲು ಆಮೇಲೆ ಅವರು ಹಿಂದೆಮುಂದೆ ನೋಡಲಿಲ್ಲ. ನಾಲ್ಕನೇ ದಿನ ಮನೆಗೆ ಬಂದೆವು.

ಈ ಲೇಖನವನ್ನು ನಮ್ಮ ಶಾಲೆಯ ಸಂಚಿಕೆಗೇ ಬರೆಯಲು ಒಂದು ಲೆಕ್ಕವೂ ಕಾರಣ. ಐವತ್ತು ವರ್ಷದ ಹಿಂದೆ ಇಲ್ಲಿ ಎಂಟನೇ ತರಗತಿಗೆ ಸೇರಿದ ಮೊದಲ ತಂಡದವರಿಗೆ ಈಗ ಅರವತ್ತಮೂರು, ಅರವತ್ತನಾಲ್ಕು. ಬ್ರಿಟನ್ನಿನಲ್ಲಿ 65 ಮುಟ್ಟುವ ಪ್ರತಿಯೊಬ್ಬ ಗಂಡಸನ್ನೂ ಸರ್ಕಾರವೇ ಕರೆದು ಒಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡುತ್ತದೆ. ಅಲ್ಲಿ 67,800 ಗಂಡಸರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನದಲ್ಲಿ, ಸ್ಕ್ಯಾನಿಂಗಿಗೆ ಕರೆದ ಗುಂಪಿನಲ್ಲಿ ಈ ಉಬ್ಬಿನಿಂದ ಸಾಯುವವರು ನಾಲ್ಕು ವರ್ಷಗಳಲ್ಲಿ ನೂರಕ್ಕೆ 42ರಷ್ಟು ಕಡಿಮೆಯಾದದ್ದು 2002ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ 65ರಿಂದ 75ರೊಳಗಿನ, ಎಂದಾದರೂ ಹೊಗೆ ಸೇದಿದ ಗಂಡಸರಿಗೆ ಒಮ್ಮೆ ನೋಡಿಸಿಕೊಳ್ಳಲು ಹೇಳುತ್ತಾರೆ. ನಮ್ಮಲ್ಲಿ ಅಂಥ ಯೋಜನೆ ಇಲ್ಲ. ಗರ್ಭಿಣಿಯರಿಗೆ ಮಾಡುವ ಅದೇ ಯಂತ್ರ. ಸೂಜಿಯಿಲ್ಲ, ನೋವಿಲ್ಲ, ಹತ್ತು ನಿಮಿಷದ ಕೆಲಸ. ಬೀಡಿ ಸಿಗರೇಟು ಸೇದಿದ್ದವರು, ಮನೆಯಲ್ಲಿ ಯಾರಾದರೂ ಹೀಗೆ ಹೋದವರು ಇದ್ದರೆ, ಮುಂದಿನ ಸಲ ಬೇರಾವುದಕ್ಕೋ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುವಾಗ ಮಹಾಪಧಮನಿಯ ಅಗಲವನ್ನೂ ನೋಡಿ ಬರೆಯಿರಿ ಎಂದು ಬಾಯಿಬಿಟ್ಟು ಕೇಳಿ.

ಅಪ್ಪ ಈಗ ಮತ್ತೆ ಅಂಗಡಿ ತೆರೆಯುತ್ತಿದ್ದಾರೆ, ಅರ್ಧ ದಿನ ಮಾತ್ರ. ಮಹೋತ್ಸವದ ವೇದಿಕೆಗೆ ಬೇಕಾದ ಪರದೆಗಳನ್ನು ತಾವೇ ಹೊಲಿದುಕೊಡುತ್ತೇನೆಂದು ಸಮಿತಿಯವರಿಗೆ ಹೇಳಿದ್ದಾರಂತೆ. ವರ್ಷದ ಸ್ಕ್ಯಾನಿಂಗ್ ಸಮಾರಂಭದ ಮರುವಾರಕ್ಕಿದೆ.